ಹಿತ್ತಿಲ ಅಂಚೆ: ರಜೆಯಲ್ಲಿ ನೀರು ಹಾಕುವವರು ಯಾರು?

ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದೇನೆ. ಘಟ್ಟದ ಕಡೆ ಮೋಡ ಕಟ್ಟುತ್ತಿದೆ, ಎರಡು ಹನಿ ಬಿದ್ದರೂ ಪೆನ್ನು ಬಿಸಾಡಿ ಓಡಬೇಕು. ಹಾಗಾಗಿ ಈ ಸಲದ ಉತ್ತರಗಳಲ್ಲಿ ಕೆಲವು ಉದ್ದ, ಕೆಲವು ತುಂಡು. ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ನಮ್ಮ ಗುಂಪಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಶಿರಸಿ ಸುತ್ತಿನ ಹಳ್ಳಿಗಳ ಹನ್ನೊಂದು ಹೆಂಗಸರು, ಇಬ್ಬರು ಗಂಡಸರು. ಶನಿವಾರ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ತರಕಾರಿ ಬೆಳೆಯುತ್ತೇವೆ, ಬೀಜ ತೆಗೆದಿಡುವುದನ್ನು ಹೇಳಿಕೊಡುತ್ತೇವೆ. ಸಂಬಳವಿಲ್ಲ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದಮೇಲೆ ಟಿಕೆಟ್ಟಿನ ಖರ್ಚು ಗಂಡಸರಿಬ್ಬರಿಗೆ ಮಾತ್ರ, ಅದನ್ನು ಅವರು ಪ್ರತಿ ವಾರ ಒಮ್ಮೆ ನೆನಪಿಸುತ್ತಾರೆ. ಅಷ್ಟು ಬರೆದದ್ದಕ್ಕೆ ಇಷ್ಟು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರತಿ ಜೂನಿನಲ್ಲೂ ಕೈತೋಟದ ಉದ್ಘಾಟನೆ ಆಗುತ್ತದೆ. ಯಾರೋ ಸಸಿ ತಂದುಕೊಡುತ್ತಾರೆ, ಫೋಟೊ ತೆಗೆಯುತ್ತಾರೆ. ದಸರಾ ರಜೆ ಮುಗಿಸಿ ಬಂದರೆ ಬರೀ ಹುಲ್ಲು. ಈ ವರ್ಷವಾದರೂ ಸರಿಯಾಗಿ ಮಾಡಬೇಕೆಂದಿದೆ. ಎಲ್ಲಿಂದ ಶುರು ಮಾಡಲಿ?
— ಶಿಕ್ಷಕಿ, ಅಂಕೋಲಾ ತಾಲೂಕು

ಉತ್ತರ: ಮೊದಲು ಉದ್ಘಾಟನೆ ಬಿಡಿ ಟೀಚರ್. ಉದ್ಘಾಟನೆ ಮಾಡಿದ ತೋಟ ಉಳಿದದ್ದನ್ನು ನಾನು ನೋಡಿಲ್ಲ.

ನಾವೂ ಮೊದಲ ವರ್ಷ ಅದನ್ನೇ ಮಾಡಿದವರು. ಪಕ್ಕದ ಊರಿನ ಶಾಲೆಯಲ್ಲಿ ಹನ್ನೆರಡು ಮಡಿ, ಪ್ರತಿ ಮಡಿಯ ಸುತ್ತ ಸುಣ್ಣ ಬಳಿದ ಕಲ್ಲು. ಬದನೆ, ಟೊಮೆಟೊ, ಹೂಕೋಸು. ಜೂನ್ ತಿಂಗಳ ಶಿರಸಿಯಲ್ಲಿ ಹೂಕೋಸು! ಮೂವತ್ತೊಂದು ವರ್ಷ ಮೇಷ್ಟರಿಕೆ ಮಾಡಿದವಳು ನಾನು, ಹುಟ್ಟಿದ್ದೇ ಅಡಿಕೆ ತೋಟದ ಮನೆಯಲ್ಲಿ, ಆದರೂ ಬ್ಯಾನರ್ ಕಟ್ಟುವ ಗಡಿಬಿಡಿಯಲ್ಲಿ ತಲೆ ಓಡಲಿಲ್ಲ. ಮೃಗಶಿರ ಮಳೆ ಮಡಿಯ ಮಣ್ಣನ್ನು ಆಟದ ಬಯಲಿಗೆ ಹರಡಿತು. ಆರಿದ್ರೆ ಹೊತ್ತಿಗೆ ಸಸಿಯ ಬುಡ ಕೊಳೆತಿತ್ತು. ಐದನೇ ಇಯತ್ತೆಯ ಒಬ್ಬ ಮಾಣಿ ನನ್ನ ಕೊಡೆಯೊಳಗೆ ನಿಂತು ನೋಡಿ, "ಅಕ್ಕೋರೇ, ಕಲ್ಲು ಒಂದು ಚಲೋ ಬೆಳದ್ದು" ಅಂದ.

ಆಮೇಲೆ ಕೂತು ಯೋಚಿಸಿದೆವು. ಶಾಲೆಗೆ ಒಂದು ಪಂಚಾಂಗ ಇದೆ, ಮಳೆಗೆ ಒಂದು ಪಂಚಾಂಗ ಇದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೇ ಕೊನೆಗೆ ಶಾಲೆ ತೆರೆಯುತ್ತದೆ, ಅಕ್ಟೋಬರಿನಲ್ಲಿ ದಸರಾ ರಜೆ, ಏಪ್ರಿಲ್ ಎರಡನೇ ವಾರಕ್ಕೆ ಬೀಗ. ಮಳೆಯೋ, ನಮ್ಮ ಶಿರಸಿಗೆ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು, ನಿಮ್ಮ ಕರಾವಳಿಗೆ 3,000 ದಾಟುತ್ತದೆ. ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೇ. ಈ ನಾಲ್ಕು ತಿಂಗಳಲ್ಲಿ ಬದುಕುವುದನ್ನೇ ಹಾಕಬೇಕು: ಅಲಸಂದೆ, ಬೆಂಡೆ, ಮುಳ್ಳುಸೌತೆ, ಹೀರೆ, ಹಾಗಲ, ಕೆಸು, ಬಸಳೆ. ಬೆಂಡೆ, ಅಲಸಂದೆ ಐವತ್ತು ದಿನದೊಳಗೆ ಕೊಯ್ಲಿಗೆ ಬರುತ್ತವೆ, ಅಂದರೆ ಆಗಸ್ಟ್ ಹದಿನೈದರ ಧ್ವಜವಂದನೆಗೆ ಮಕ್ಕಳ ಕೈಯಲ್ಲಿ ಕಾಯಿ ಇರುತ್ತದೆ. ಹರಿವೆಯನ್ನು ಮಳೆಗೆ ಹಾಕಬೇಡಿ, ಎಲೆ ಹರಿದು ಮಣ್ಣು ಸಿಡಿದು ಹಾಳು. ಅದನ್ನು ದಸರಾ ಮುಗಿದ ಮೇಲೆ ಬಿತ್ತಿ, ಮೂವತ್ತು ದಿನಕ್ಕೆ ಸಾಂಬಾರಿಗೆ ಬರುತ್ತದೆ. ಮೂಲಂಗಿ, ಬದನೆ, ಟೊಮೆಟೊ, ಎಲ್ಲ ಆಗಲೇ.

ಮಡಿ ಮಾಡುವ ಬದಲು ಏರಿ ಮಾಡಿ, ಒಂದು ಗೇಣು ಎತ್ತರಕ್ಕೆ, ನೀರು ಹರಿದುಹೋಗುವ ಇಳಿಜಾರಿಗೆ. ಮೇಲೆ ದರಕು, ಅಂದರೆ ಉದುರಿದ ಒಣ ಎಲೆ, ಹೊದಿಸಿ. ಮಳೆಯ ಹನಿ ನೇರ ಮಣ್ಣಿಗೆ ಬೀಳಬಾರದು, ಅಷ್ಟೇ ಗುಟ್ಟು.

ಇನ್ನೊಂದು. ಬೀಜ ತರುವ ಮೊದಲು ಬಿಸಿಯೂಟದ ಅಡುಗೆಯವರನ್ನು ಮಾತಾಡಿಸಿ. ಯಾವ ತರಕಾರಿ ಬಂದರೆ ಅವರಿಗೆ ಉಪಯೋಗ, ಯಾವುದು ಹೆಚ್ಚಲು ತಾಪತ್ರಯ, ಕೇಳಿ. ನಾವು ಒಂದು ಶಾಲೆಗೆ ಪ್ರೀತಿಯಿಂದ ಹಾಗಲ ಹಾಕಿಕೊಟ್ಟೆವು, ಚಪ್ಪರದ ತುಂಬ ಬಂತು. ಎಂಬತ್ತು ಮಕ್ಕಳು ತಟ್ಟೆಯ ಅಂಚಿಗೆ ತಳ್ಳಿದ ಹಾಗಲದ ಹೋಳುಗಳನ್ನು ಬಳಿದು ಹಾಕಿದವರು ಆ ಅಡುಗೆಯ ಅಕ್ಕ. ಮರುದಿನ ನಮ್ಮನ್ನು ನೋಡಿ ಅವರು ಮುಖ ತಿರುಗಿಸಿಕೊಂಡದ್ದು ನ್ಯಾಯವಾಗಿಯೇ ಇತ್ತು. ಈಗ ಬಸಳೆ, ಕುಂಬಳ, ಮಗೆಕಾಯಿ. ತಟ್ಟೆ ತೊಳೆದ ನೀರು ಬಸಳೆ ಬುಡಕ್ಕೆ, ಕೈ ತೊಳೆದ ನೀರು ಬಾಳೆಗೆ. ಕೇಂದ್ರ ಸರ್ಕಾರ 2019ರಲ್ಲೇ ಶಾಲಾ ಪೌಷ್ಟಿಕ ಕೈತೋಟಕ್ಕೆ ಮಾರ್ಗಸೂಚಿ ಹೊರಡಿಸಿದೆ. ಜಾಗ ಇಲ್ಲದಲ್ಲಿ ಕುಂಡ, ಡಬ್ಬಿಗಳಲ್ಲೂ ಆಗಬಹುದು ಎಂದಿದೆ ಅದು. ಹಾಗಾಗಿ ಮುಖ್ಯಾಧ್ಯಾಪಕರು "ಮೇಲಿನಿಂದ ಆದೇಶ ಇಲ್ಲ" ಅಂದರೆ ಹೇಳಲು ನಿಮ್ಮ ಬಳಿ ಒಂದು ಮಾತಿದೆ.

ಏಪ್ರಿಲ್, ಮೇ? ನೀರು ಹಾಕುವವರು ಯಾರು, ಬಾವಿಯ ಪಂಪಿನ ಕೀಲಿಕೈ ಯಾರ ಮನೆಯ ಮೊಳೆಗೆ ನೇತಾಡುತ್ತದೆ, ಇದಕ್ಕೆ ಹೆಸರು ಹಿಡಿದು ಉತ್ತರ ಹೇಳಲು ಆಗದಿದ್ದರೆ ಆ ಎರಡು ತಿಂಗಳು ತರಕಾರಿ ಬೇಡವೇ ಬೇಡ. ಮಾರ್ಚಿಗೆ ಮುಗಿಯುವಂತೆ ಬಿತ್ತಿ. ಬೇಸಿಗೆಗೆ ತಾವಾಗಿ ಬದುಕುವುದನ್ನು ಮಾತ್ರ ಬಿಡಿ: ಚಕ್ರಮುನಿ, ಕರಿಬೇವು, ನೆಲದೊಳಗೆ ಮಲಗಿರುವ ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ. ನಿಮ್ಮಲ್ಲಾದರೆ ನುಗ್ಗೆಯೂ ಆದೀತು. ನಮ್ಮ ಘಟ್ಟದ ಮೇಲೆ ಅದು ಮಳೆಗೆ ನಿಲ್ಲುವುದು ಕಷ್ಟ.

ಪ್ರಶ್ನೆ: ನಾನು ಮೂಲತಃ ಶಿರಸಿಯವನು, ಬೆಂಗಳೂರಿನಲ್ಲಿ ಕೆಲಸ. ನಮ್ಮ ಕಂಪನಿಯ ಗೆಳೆಯರೆಲ್ಲ ಸೇರಿ ನಿಮ್ಮಂಥ ಗುಂಪಿಗೆ ಸಹಾಯ ಮಾಡಬೇಕೆಂದಿದ್ದೇವೆ. ಏನು ಕಳಿಸಲಿ?
— ಬೆಂಗಳೂರು

ಉತ್ತರ: ಗ್ರೋ ಬ್ಯಾಗ್ ಕಳಿಸಬೇಡ ತಮ್ಮಾ. ಒಂದು ದೊಡ್ಡ ಸಂಸ್ಥೆಯವರು, ಹೆಸರು ಬೇಡ, ಲಾರಿಯಲ್ಲಿ ಇನ್ನೂರು ಗ್ರೋ ಬ್ಯಾಗು, ಅದಕ್ಕೆ ತುಂಬಲು ತೆಂಗಿನ ನಾರಿನ ಪುಡಿ ಕಳಿಸಿದ್ದರು. ಸುತ್ತ ಕಾಡು, ಕಾಲ ಕೆಳಗೆ ಮಣ್ಣು, ಪ್ರತಿ ಮನೆಯಲ್ಲಿ ಗೊಬ್ಬರದ ಗುಂಡಿ ಇರುವ ಊರಿಗೆ ಮಣ್ಣಿನ ಬದಲಿ ಬಂದಿತ್ತು! ಅದರ ಮೇಲೆ ಸಂಸ್ಥೆಯ ಹೆಸರು ಬೇರೆ. ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಂತು ಸೊಳ್ಳೆಯ ಮರಿ ಆದವು.

ಕಳಿಸಲೇಬೇಕೆಂದರೆ ಮಕ್ಕಳ ಕೈಗೆ ಆಗುವ ಸಣ್ಣ ಕಾವಿನ ಗುದ್ದಲಿ ಹತ್ತು. ಪೇಟೆಯಲ್ಲಿ ಸಿಗುವುದು ಎರಡು ವಿಧ: ದೊಡ್ಡವರಿಗೆ ಒಂದು, ಆಟಿಕೆ ಒಂದು. ನಡುವಿನದನ್ನು ಕಮ್ಮಾರರ ಹತ್ತಿರ ಹೇಳಿ ಮಾಡಿಸಬೇಕು. ಶಿರಸಿಯಲ್ಲೇ ಮಾಡಿಸು, ದುಡ್ಡು ಇಲ್ಲೇ ಉಳಿಯಲಿ. ಒಂದು ಶಾಲೆಗೆ ಬೇಲಿ, ಇನ್ನೊಂದಕ್ಕೆ ನೀರಿನ ಟಾಕಿ ಬೇಕಿದೆ. ಅದನ್ನು ನಮಗೆ ಕೊಡಬೇಡ, ನೇರ ಆ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಸಮಿತಿಗೆ) ಕೊಡು, ರಸೀದಿ ತೆಗೆದುಕೊ. ಊರಿಗೆ ಬಂದಾಗ ಒಂದು ಶನಿವಾರ ಬಾ, ಕೈ ಬೊಬ್ಬೆ ಬರುವ ತನಕ ಅಗೆಯೋಣ.

ಪ್ರಶ್ನೆ: ನಾವು ಎಂಟು ಹೆಂಗಸರು ಸೇರಿ ಇಂಥದ್ದೇ ಗುಂಪು ಶುರು ಮಾಡಿದ್ದೇವೆ. ನೋಂದಣಿ ಮಾಡಿಸಬೇಕೇ? ಮಾಡಿಸಿದರೆ ಏನು ಲಾಭ?
— ಗೃಹಿಣಿ, ಯಲ್ಲಾಪುರ

ಉತ್ತರ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಅದರ ಪ್ರಕಾರ ಕನಿಷ್ಠ ಏಳು ಜನ ಸೇರಿದರೆ ಸಂಘ ಮಾಡಬಹುದು, ನೀವು ಎಂಟು ಇದ್ದೀರಿ. ಸಂಘದ ಉದ್ದೇಶ, ನಿಯಮಗಳನ್ನು ಬರೆದು ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಪ್ಯಾನ್ ಆಮೇಲೆ ಸಲೀಸು. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗಬೇಕೆಂದರೆ ಮಾತ್ರ ನೋಂದಣಿ ಒಂದೇ ಸಾಲದು, ತೆರಿಗೆ ಇಲಾಖೆಗೆ ಬೇರೆಯೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ತುಂಬ ಜನ ಇದನ್ನು ತಿಳಿಯದೆ ದಾನಿಗಳಿಗೆ ಮಾತು ಕೊಟ್ಟು ಪೇಚಿಗೆ ಸಿಕ್ಕುತ್ತಾರೆ.

ಅದರ ಬೆನ್ನಿಗೇ ವರ್ಷ ವರ್ಷ ಮಹಾಸಭೆ, ಲೆಕ್ಕ ತಪಾಸಣೆ, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು. ಬಿಟ್ಟರೆ ಬಾಕಿ ಬೆಳೆಯುತ್ತದೆ. ನಿಮ್ಮ ಎಂಟರಲ್ಲಿ ಲೆಕ್ಕ ಬರೆಯಲು ಖುಷಿ ಪಡುವವರು ಒಬ್ಬರಾದರೂ ಇದ್ದಾರೆಯೇ? "ಬರೆದೇನು ಬೇಕಾದರೆ" ಅನ್ನುವವರು ಸಾಲದು, ಖುಷಿಪಟ್ಟು ಬರೆಯುವವರೇ ಬೇಕು. ಅಂಥವರು ಸಿಗುವ ತನಕ ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಕೆಲಸ ನಡೆಯಲಿ. ನಮ್ಮದು ಹಾಗೆ ನಾಲ್ಕು ವರ್ಷ ನಡೆಯಿತು. ಎಡ ಪುಟದಲ್ಲಿ ದುಡ್ಡು, ಬಲ ಪುಟದಲ್ಲಿ ಬೀಜ. ಈಗಲೂ ಬಲ ಪುಟವೇ ಬೇಗ ತುಂಬುತ್ತದೆ.

ಪ್ರಶ್ನೆ: ಅಂಗಡಿಯಿಂದ ತಂದ ಪ್ಯಾಕೆಟ್ ಬೀಜದ ಸೌತೆ ಮೊದಲ ವರ್ಷ ಚೆನ್ನಾಗಿ ಬಂತು. ಅದರದ್ದೇ ಬೀಜ ತೆಗೆದು ಹಾಕಿದರೆ ಒಂದೊಂದು ಬಳ್ಳಿ ಒಂದೊಂದು ಥರ. ನಾನು ಬೀಜ ಇಡುವುದರಲ್ಲಿ ತಪ್ಪಿದೆನೇ? ಸರಿಯಾದ ಕ್ರಮ ಹೇಳಿ.
— ನಿವೃತ್ತ ನೌಕರರು, ಮುಂಡಗೋಡ

ಉತ್ತರ: ತಪ್ಪು ನಿಮ್ಮದಲ್ಲ. ಪ್ಯಾಕೆಟ್ಟಿನ ಮೇಲೆ ಎಫ್1 ಎಂದು ಇತ್ತೇ ನೋಡಿ. ಎರಡು ಬೇರೆ ತಳಿಗಳನ್ನು ಸೇರಿಸಿದ ಮೊದಲ ತಲೆಮಾರು ಅದು. ಅದರ ಬೀಜ ಹಾಕಿದರೆ ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ, ಒಂದು ಯಾರ ಹಾಗೂ ಅಲ್ಲ. ಬೀಜ ಇಡಬೇಕೆಂದರೆ ನಾಟಿ ತಳಿಯಿಂದಲೇ ಶುರು ಮಾಡಬೇಕು.

ಈಗ ಕ್ರಮ. ನಮ್ಮ ಅತ್ತೆಯ ಕೈ ನೋಡಿ ಕಲಿತದ್ದನ್ನೇ ಬರೆಯುತ್ತೇನೆ. ಬಳ್ಳಿ ಕಾಯಿ ಬಿಡಲು ಶುರುವಾದಾಗಲೇ ಒಂದು ಕಾಯಿಗೆ ಬಾಳೆನಾರು ಕಟ್ಟುತ್ತಿದ್ದರು. ನಾರು ಕಟ್ಟಿದ ಕಾಯಿಯನ್ನು ಮನೆಗೆ ನೆಂಟರು ಬಂದರೂ ಕೊಯ್ಯುವಂತಿಲ್ಲ. ಅದು ಹಳದಿ ತಿರುಗಿ, ದೊಡ್ಡದಾಗಿ, ತೊಟ್ಟು ಒಣಗುವ ತನಕ ಬಳ್ಳಿಯಲ್ಲೇ. ಆಮೇಲೆ ಸೀಳಿ, ಬೀಜವನ್ನು ಅಂಟಿನ ಸಮೇತ ಬಳಿದು ಒಂದು ರಾತ್ರಿ ಇಟ್ಟು, ಮರುದಿನ ತೊಳೆದರೆ ಲೋಳೆ ಬಿಡುತ್ತದೆ. ನೀರಿನಲ್ಲಿ ತೇಲಿದ್ದನ್ನು ಚೆಲ್ಲಿ. ಮುಳುಗಿದ ಗಟ್ಟಿ ಬೀಜಕ್ಕೆ ಬೂದಿ ಸವರಿ, ಸೆಗಣಿಯ ಉಂಡೆಯಲ್ಲಿ ಒತ್ತಿ, ಅಡುಗೆಮನೆಯ ಹೊರಗೋಡೆಗೆ ಬೆರಣಿಯ ಹಾಗೆ ತಟ್ಟಿಬಿಡುತ್ತಿದ್ದರು. ಗೋಡೆಯ ತುಂಬ ಐದು ಬೆರಳಿನ ಗುರುತಿನ ಬಿಲ್ಲೆಗಳು. ರೋಹಿಣಿ ಮಳೆಗೆ ಒಂದೊಂದನ್ನೇ ಕಿತ್ತು ಪುಡಿಮಾಡಿ ಬಿತ್ತುವುದು. ಅತ್ತೆ ಹೋಗಿ ಎಷ್ಟೋ ವರ್ಷವಾದ ಮೇಲೆ ಗೋಡೆಗೆ ಸುಣ್ಣ ಹೊಡೆಸಲು ಕೆರೆಸಿದಾಗ ಒಂದು ಬಿಲ್ಲೆ ಸಿಕ್ಕಿತ್ತು. ಬೀಜ ಹುಟ್ಟಲಿಲ್ಲ. ಬೆರಳಿನ ಗುರುತು ಹಾಗೇ ಇತ್ತು.

ಅಲಸಂದೆಗೆ ಇಷ್ಟು ಶಾಸ್ತ್ರ ಬೇಡ, ಸಿಪ್ಪೆ ಗಿಡದಲ್ಲೇ ಒಣಗಲಿ. ಕಾಳು ಹಲ್ಲಿಗೆ ಕೊಟ್ಟರೆ ಟಕ್ ಎನ್ನಬೇಕು, ಹಲ್ಲಿನ ಗುರುತು ಕೂತರೆ ಇನ್ನೂ ಬಿಸಿಲು ಬೇಕು. ಬೂದಿ ಬೆರೆಸಿ ಡಬ್ಬಿಗೆ. ಹೀರೆಯನ್ನು ಇಡಿಯಾಗಿ ಅಟ್ಟಕ್ಕೆ ಕಟ್ಟಿ. ಎರಡು ಥರದ ಹೀರೆ ಒಂದೇ ಹಿತ್ತಿಲಲ್ಲಿದ್ದರೆ ಜೇನು, ದುಂಬಿ ಎರಡನ್ನೂ ಬೆರೆಸುತ್ತವೆ, ಹಾಗಾಗಿ ಒಂದು ವರ್ಷ ಒಂದು ಜಾತಿ ಮಾತ್ರ.

ಹೆಚ್ಚಿನವರು ಎಡವುವುದು ಒಣಗಿಸುವಲ್ಲಿ ಅಲ್ಲ, ಆರಿಸುವಲ್ಲಿ. ಚಲೋ ಕಾಯಿಯನ್ನೆಲ್ಲ ತಿಂದು, ಕಡೆಗೆ ಉಳಿದ ಗೊಡ್ಡು ಕಾಯಿಯನ್ನು "ಬೀಜಕ್ಕಾಯ್ತು" ಅಂತ ಬಿಡುತ್ತೇವೆ. ಆಗಬೇಕಾದದ್ದು ತಿರುಗುಮುರುಗು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು, 2021ರಲ್ಲಿ ದೆಹಲಿಯಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡವರು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಮಾಡಿದ್ದು ಇದನ್ನೇ. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜ ಯಾವಾಗ ಎತ್ತಬೇಕು, ಇದನ್ನು ಅವರು ಓದು ಬರಹ ಇಲ್ಲದೆ ಬಲ್ಲವರಾಗಿದ್ದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಾವು ಒಂದು ಶಾಲೆಯಲ್ಲಿ ಮಕ್ಕಳಿಗೆ ಬದನೆ ಬೀಜ ತೆಗೆಸುತ್ತಿದ್ದೆವು.

ನಾಟಿ ಬೀಜಕ್ಕೆ ಶಿರಸಿಯಲ್ಲೇ ವನಸ್ತ್ರೀ ಇದೆ. 2001ರಲ್ಲಿ ಶುರುವಾದ ಹೆಂಗಸರ ಕೂಟ, ಹಿತ್ತಿಲ ಬೀಜಗಳನ್ನು ಉಳಿಸುವುದೇ ಅವರ ಕೆಲಸ. ನಮ್ಮ ನೋಟುಬುಕ್ಕಿನ ಬಲ ಪುಟವೂ ಇದೆ: ಒಂದು ಮುಷ್ಟಿ ಒಯ್ದರೆ ಬರುವ ವರ್ಷ ಎರಡು ಮುಷ್ಟಿ ವಾಪಸ್ಸು. ಅರ್ಧ ಜನ ಕೊಡುವುದಿಲ್ಲ. ಉಳಿದರ್ಧ ಜನ ಎರಡಕ್ಕೆ ಮೂರು ಕೊಡುತ್ತಾರೆ.

ಪ್ರಶ್ನೆ: ಮಂಗನ ಕಾಟಕ್ಕೆ ಏನಾದರೂ ಉಪಾಯ?
— ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಒಟ್ಟು ಏಳು ಪತ್ರ

ಉತ್ತರ: ಇಲ್ಲ. ಹುಲಿಯ ಗೊಂಬೆ, ಗರ್ನಾಲು, ಕನ್ನಡಿ, ಸಿಡಿ ತಟ್ಟೆ ಎಲ್ಲ ಆಯಿತು. ಗೊಂಬೆ ಹುಲಿಯ ತಲೆಯ ಮೇಲೆ ಕೂತು ಅವು ನನ್ನ ಸೌತೆಕಾಯಿ ತಿಂದವು. ಕೆಸು, ಸುವರ್ಣಗೆಡ್ಡೆ, ಅರಿಶಿನ, ಶುಂಠಿ ನಮ್ಮಲ್ಲಿ ಉಳಿದಿವೆ. ಉಳಿದದ್ದನ್ನು ಮನೆಗೆ ಹತ್ತಿರ, ನಾಯಿ ಕಾಣುವಲ್ಲಿ ಹಾಕಿ.

ಪ್ರಶ್ನೆ: ಶಾಲೆಯ ಕೈತೋಟಕ್ಕೆ ಹೊದಿಸಲು ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದು ದರಕು ಗುಡಿಸಿ ತರಿಸುತ್ತಾರೆ. ನಮ್ಮ ಕಡೆ ಮಂಗನ ಕಾಯಿಲೆಯ ಹೆದರಿಕೆ ಇದೆ. ಬೇಡ ಎಂದರೆ ಎಲ್ಲರೂ ನಗುತ್ತಾರೆ.
— ಪಾಲಕರು, ಸಿದ್ದಾಪುರ ತಾಲೂಕು

ಉತ್ತರ: ನಗುವವರು ನಗಲಿ. ನೀವು ಹೇಳಿದ್ದೇ ಸರಿ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ನಮ್ಮ ಸಿದ್ದಾಪುರದ ಬೇಲಿಯಾಚೆಯ ಊರು. ಹರಡುವುದು ಉಣುಗಿನಿಂದ. ಅದರ ಸಣ್ಣ ಮರಿಗಳು, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕವು, ನೆಲದ ಒಣ ಎಲೆಯಲ್ಲಿ ಇರುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ದರಕು ಬೀಳುವ ಕಾಲವೂ ಅದೇ. ಅಂದರೆ ನಾವು ಗುಡಿಸಿ ತಬ್ಬಿಕೊಂಡು ತರುವುದು ಏನನ್ನು ಎಂದು ಯೋಚಿಸಿ.

ನಮ್ಮ ಗುಂಪಿನ ನಿಯಮ ಖಡಾಖಂಡಿತ: ಮಕ್ಕಳು ಬೆಟ್ಟಕ್ಕಿಲ್ಲ. ಶಾಲೆಯ ಅಂಗಳದ ಎಲೆ, ಮಳೆಗಾಲದಲ್ಲಿ ಸವರಿದ ಹಸಿ ಹುಲ್ಲು, ಅಡಿಕೆಯ ಸೋಗೆ, ಭತ್ತದ ಹುಲ್ಲು, ಇಷ್ಟರಲ್ಲಿ ಹೊದಿಕೆ ಆಗಬೇಕು. ತೋಟದ ಕೆಲಸಕ್ಕೆ ದೊಡ್ಡವರು ಬೆಟ್ಟಕ್ಕೆ ಹೋಗಲೇಬೇಕು, ಅದು ಗೊತ್ತು. ತುಂಬು ತೋಳಿನ ಅಂಗಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲ ಕೈಕಾಲಿಗೆ, ಮನೆಗೆ ಬಂದದ್ದೇ ಬಿಸಿನೀರಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ. ಕಾಡಿನಲ್ಲಿ, ತೋಟದಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮೂರು ದಿನ ನೋಡೋಣ ಅನ್ನಬೇಡಿ, ಕೂಡಲೇ ಹೋಗಿ, ಕಾಡಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ನಮ್ಮದು ಸಮುದ್ರದ ಹತ್ತಿರದ ಮನೆ. ನೆಲ ಪೂರ್ತಿ ಮರಳು. ಕೇರಿಯ ಮಕ್ಕಳಿಗೆ ತೋಟ ಹೇಳಿಕೊಡುವ ಆಸೆ. ಮರಳಿನಲ್ಲಿ ಏನು ಕಲಿಸಲಿ?
— ಅಜ್ಜಿ, ಕಾರವಾರ

ಉತ್ತರ: ನಿಮಗೆ ನಾನು ಹೇಳುವುದಕ್ಕಿಂತ ನೀವು ಆದಿತ್ಯವಾರದ ಕಾರವಾರ ಸಂತೆಗೆ ಹೋಗಿ, ತರಕಾರಿ ಗುಡ್ಡೆ ಹಾಕಿಕೊಂಡು ಕೂತ ಹಾಲಕ್ಕಿ ಹೆಂಗಸರನ್ನು ಕೇಳುವುದು ಮೇಲು. ಕರಾವಳಿಯ ಹಗುರ ಮಣ್ಣಿನಲ್ಲಿ ಬದನೆ, ಮೂಲಂಗಿ, ಗೆಣಸು ಬೆಳೆದು ಗೊತ್ತಿರುವುದು ಅವರಿಗೆ. ನಾನು ಘಟ್ಟದ ಮೇಲಿನ ಕೆಂಪು ಮಣ್ಣಿನವಳು, ದೇವಿಮನೆ ಘಟ್ಟ ಇಳಿದರೆ ನನ್ನ ವಿದ್ಯೆ ಅರ್ಧವಾಗುತ್ತದೆ.

ಆದರೂ ಕೇಳಿದ್ದೀರಿ. ಮರಳು ನೀರನ್ನೂ ಹಿಡಿಯುವುದಿಲ್ಲ, ಗೊಬ್ಬರವನ್ನೂ ಹಿಡಿಯುವುದಿಲ್ಲ. ಒಮ್ಮೆಲೇ ಬುಟ್ಟಿಗಟ್ಟಲೆ ಹಾಕಿದರೆ ಮಳೆ ತೊಳೆದುಕೊಂಡು ಹೋಗುತ್ತದೆ. ಬೊಗಸೆ ಬೊಗಸೆಯಾಗಿ, ಹದಿನೈದು ದಿನಕ್ಕೊಮ್ಮೆ ಕೊಡಿ. ಗೆಣಸಿನ ಬಳ್ಳಿ ತುಂಡು ಮಾಡಿ ನೆಡಿಸಿ. ಮರಳನ್ನು ಕೈಯಲ್ಲೇ ತೋಡಿ ಗೆಣಸು ಎತ್ತುವ ಖುಷಿ ನಮ್ಮ ಗಟ್ಟಿ ನೆಲದ ಮಕ್ಕಳಿಗೆ ಇಲ್ಲ. ಬಸಳೆ ಹಾಕಿ, ನಿಮ್ಮ ಪಕ್ಕದ ಕೊಂಕಣಿ ಮನೆಗಳಲ್ಲಿ ವಾಳಿ ಅನ್ನುವುದು ಅದನ್ನೇ, ಒಂದು ಕಡ್ಡಿ ಕೇಳಿದರೆ ಇಲ್ಲ ಅನ್ನುವವರಿಲ್ಲ. ಮೀನು ತೊಳೆದ ನೀರು ಅದಕ್ಕೆ ಹಬ್ಬ. (ನಮ್ಮ ಮನೆಯಲ್ಲಿ ಮೀನಿಲ್ಲ. ಆದರೆ ಕುಮಟೆಯಲ್ಲಿ ಮೀನುನೀರು ಕುಡಿದ ಬಸಳೆಯ ಎಲೆ ನೋಡಿ ನನಗೆ ಹೊಟ್ಟೆಕಿಚ್ಚಾಗಿದ್ದು ಸುಳ್ಳಲ್ಲ.) ಒಣಮೀನು ತೊಳೆದ ಉಪ್ಪುನೀರು ಮಾತ್ರ ಬೇಡ. ಮೀನಿನ ತಲೆ, ಬಾಲ ಹೂಳುವುದಾದರೆ ಒಂದು ಮೊಳ ಆಳಕ್ಕೆ, ಇಲ್ಲವಾದರೆ ಬೆಕ್ಕು ನಾಯಿ ಸೇರಿ ರಾತ್ರಿ ನಿಮ್ಮ ತೋಟ ಉಳುತ್ತವೆ. ಉಪ್ಪುಗಾಳಿ ಬರುವ ಕಡೆ ತೆಂಗಿನ ಮಡಲಿನ ತಟ್ಟಿ ಕಟ್ಟಿ.

ಪ್ರಶ್ನೆ: ಶುರುವಿನಲ್ಲಿ ಹದಿನಾಲ್ಕು ಜನ ಸ್ವಯಂಸೇವಕರಿದ್ದೆವು. ಈಗ ಬರುವುದು ಮೂವರು. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಬಿಟ್ಟುಬಿಡೋಣ ಅನ್ನಿಸುತ್ತಿದೆ.
— ಹೊನ್ನಾವರ

ಉತ್ತರ: ಯಾವ ತಿಂಗಳಲ್ಲಿ ಬರುವುದು ನಿಲ್ಲಿಸಿದರು, ಅದನ್ನು ನೀವು ಬರೆದಿಲ್ಲ. ನಮ್ಮಲ್ಲಿ ನವೆಂಬರಿನಿಂದ ಮೂರು ತಿಂಗಳು ಯಾರೂ ಬರುತ್ತಿರಲಿಲ್ಲ. ನಾನು ಸಿಟ್ಟಿನಿಂದ ಒಬ್ಬಳ ಮನೆಗೇ ಹೋದೆ. ಹೋಗಿ ನೋಡಿದರೆ ಅವಳು ಮಾಳಿಗೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ, ಎರಡು ಕೈಯ ಬೆರಳೂ ಕಪ್ಪು. ರಾತ್ರಿ ಹನ್ನೊಂದರ ತನಕ ಸುಲಿದು ಬೆಳಗ್ಗೆ ಐದಕ್ಕೆ ಏಳುವವಳು. ಅವಳು "ಕೂತುಕೊಳ್ಳಿ ಅಕ್ಕೋರೇ, ಆಸರಿಗೆ ಏನು?" ಅಂದಳು. ನಾನು ಬಂದ ವಿಷಯ ಹೇಳದೆ ಅರ್ಧ ಗಂಟೆ ಅವಳ ಜೊತೆ ಅಡಿಕೆ ಆರಿಸಿಕೊಟ್ಟು ಬಂದೆ.

ಅಂದಿನಿಂದ ಅಡಿಕೆಯ ಕೊನೆಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಗುಂಪಿಗೆ ಅರೆ ರಜೆ. ಅಡಿಕೆ ಇಲ್ಲದ ನಾಲ್ವರು ಸರದಿಯಲ್ಲಿ ಹೋಗಿ ಇದ್ದದ್ದನ್ನು ಕಾಯ್ದುಕೊಂಡಿರುತ್ತೇವೆ, ಹೊಸ ಶಾಲೆ ಹಿಡಿಯುವುದಿಲ್ಲ. ನಿಮ್ಮಲ್ಲಿ ಯಾರಿಗೆ ಯಾವಾಗ ತೋಟ, ಯಾರಿಗೆ ಯಾವಾಗ ಮೀನು, ಯಾರ ಮನೆಯಲ್ಲಿ ಬಾಣಂತಿ, ಮೊದಲು ಅದನ್ನು ಬರೆದುಕೊಳ್ಳಿ. ಮೂವರು ಉಳಿದಿದ್ದೀರಲ್ಲ, ಒಂದು ಶಾಲೆಗೆ ಮೂವರು ಸಾಕು. ಐದು ಶಾಲೆ ಹಿಡಿದುಕೊಂಡಿದ್ದರೆ ನಾಲ್ಕನ್ನು ಬಿಡಿ, ನಾಚಿಕೆಪಡಬೇಕಾದ್ದಿಲ್ಲ. ವಾಟ್ಸಾಪಿನ ಹೆಬ್ಬೆರಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ನಾನು ಆರನೇ ತರಗತಿ. ನಮ್ಮ ಮನೆ ಶಾಲೆಯ ಪಕ್ಕ. ರಜೆಯಲ್ಲಿ ನಾನು ಮತ್ತು ತಂಗಿ ಶಾಲೆಯ ಬೆಂಡೆಗಿಡಕ್ಕೆ ದಿನಾ ನೀರು ಹಾಕುತ್ತಿದ್ದೇವೆ. ಈಗ ಗಿಡದ ತುಂಬ ಇರುವೆ ಬಂದಿದೆ. ಔಷಧ ಹೊಡೆಯಬೇಕಾ?
— ವಿದ್ಯಾರ್ಥಿನಿ, ಶಿರಸಿ ತಾಲೂಕು

ಉತ್ತರ: ಮಗಳೇ, ಮೇಲೆ ಅಂಕೋಲೆಯ ಟೀಚರಿಗೆ ಏಪ್ರಿಲ್, ಮೇ ತಿಂಗಳ ಬಗ್ಗೆ ನಾನು ಬರೆದದ್ದನ್ನು ನೀನು ಓದಬೇಡ.

ಔಷಧ ಬೇಡ. ಇರುವೆ ಬೆಂಡೆ ತಿನ್ನಲು ಬಂದದ್ದಲ್ಲ. ಎಲೆಯನ್ನು ಮಗುಚಿ ನೋಡು. ಅಡಿಯಲ್ಲಿ, ನರದ ಪಕ್ಕ, ಸಾಸಿವೆಗಿಂತ ಚಿಕ್ಕ ಹಸಿರು ಅಥವಾ ಕಪ್ಪು ಹುಳಗಳು ಗುಂಪಾಗಿ ಕೂತಿರುತ್ತವೆ. ಅವು ಸಸ್ಯಹೇನು. ಅವು ಗಿಡದ ರಸ ಹೀರಿ ಹಿಂದಿನಿಂದ ಸಿಹಿನೀರು ಬಿಡುತ್ತವೆ. ಇರುವೆ ಅದನ್ನು ನೆಕ್ಕಲು ಬರುತ್ತದೆ, ನಾವು ದನ ಕಟ್ಟಿ ಹಾಲು ಕರೆದ ಹಾಗೆ. ಹೇನನ್ನು ತಿನ್ನಲು ಬೇರೆ ಹುಳ ಬಂದರೆ ಅದನ್ನು ಓಡಿಸುವುದೂ ಇರುವೆಯೇ. ಅರ್ಧ ಚೆಂಡಿನ ಹಾಗಿರುವ, ಬೆನ್ನಿನ ಮೇಲೆ ಚುಕ್ಕೆ ಇರುವ ಕೆಂಪು ಹುಳ ಕಂಡರೆ ಹಿಡಿಯಬೇಡ, ಅದು ಹೇನು ತಿನ್ನಲು ಬಂದ ನಿನ್ನ ಕಡೆಯ ಹುಳ.

ನೀರು ಹಾಕುವಾಗ ಎಲೆಯ ಅಡಿಗೆ ಕೈಯಿಂದ ಜೋರಾಗಿ ನೀರು ಚಿಮುಕಿಸು, ಹೇನು ಉದುರಿಹೋಗುತ್ತದೆ. ಹೋಗದಿದ್ದರೆ ಅಜ್ಜಿಯ ಹತ್ತಿರ ಅಂಟುವಾಳ ಕೇಳಿ ನೆನೆಸಿ, ಆ ನೀರನ್ನು ತಂಗಿಯ ಹತ್ತಿರ ಚಿಮುಕಿಸಲು ಹೇಳು. ಕಣ್ಣಿಗೆ ತಾಗದ ಹಾಗೆ ನೋಡಿಕೊ, ಉರಿಯುತ್ತದೆ. ನಾಲ್ಕು ದಿನ ಬಿಟ್ಟು ಎಷ್ಟು ಎಲೆಯಲ್ಲಿ ಹೇನು ಉಳಿದಿದೆ ಎಣಿಸಿ ನನಗೆ ಬರೆ. ಪತ್ರದ ಹಿಂದೆ ತಂಗಿಯ ಹೆಸರನ್ನೂ ಹಾಕು, ಈ ಸಲ ಹಾಕಿಲ್ಲ.